ಗೋಡೆಯಾಚೆಯ ಮೆತ್ತನೆ ನೆಲ

ಕೊರೊನಾ ಮುಗಿದ ಮರುವರ್ಷದ ಬೇಸಿಗೆ. ಆಗ ನಾನು ಬಿ.ಸಿ.ರೋಡ್ ಪೇಟೆಯಲ್ಲಿ ನನ್ನದೇ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಕಚೇರಿ ನಡೆಸುತ್ತಿದ್ದೆ. ಕಟ್ಟಡ ಹೇಗೆ ಕಾಣಬೇಕು ಎಂದು ಆರ್ಕಿಟೆಕ್ಟ್ ಹೇಳುತ್ತಾರೆ, ಅದು ಬೀಳದೆ ನಿಲ್ಲುವುದು ಹೇಗೆ ಎಂದು ನಾವು ಹೇಳುತ್ತೇವೆ. ಉದ್ಘಾಟನೆಯ ಫೋಟೊದಲ್ಲಿ ಅವರ ಕೆಲಸ ಕಾಣುತ್ತದೆ, ನಮ್ಮ ಕೆಲಸ ಮಣ್ಣಿನಡಿ ಇರುತ್ತದೆ. ಬ್ಯಾರಿ ಮುಸ್ಲಿಮರ ಮನೆಯ ಹುಡುಗಿಗೆ ಸಿವಿಲ್ ಇಂಜಿನಿಯರಿಂಗ್ ಯಾಕೆ ಎಂದು ಮೂಗು ಮುರಿದ ಸಂಬಂಧಿಕರೆಲ್ಲ ಆಮೇಲೆ ತಮ್ಮ ಮನೆಯ ಪಾಯ ತೋರಿಸಲು ನನ್ನನ್ನೇ ಕರೆದರು, ಅದು ಬೇರೆ ಮಾತು.

ಆ ಬೇಸಿಗೆಯಲ್ಲಿ ಕ್ರೈಸ್ತರ ಒಂದು ಇಗರ್ಜಿಯ ಸಮುದಾಯ ಭವನದ ಕೆಲಸ ಬಂತು. ಮೂಡುಬಿದಿರೆಯಿಂದ ಶಿರ್ತಾಡಿ ದಾಟಿ ಬೆಳ್ತಂಗಡಿಯ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಊರು, ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಹಳೆಯ ಸಭಾಂಗಣಕ್ಕೆ ಶೀಟಿನ ಮಾಡು, ಮಳೆಗಾಲದಲ್ಲಿ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ಇಟ್ಟುಕೊಂಡರೆ ಮದುಮಗಳ ಮೈಮೇಲೆ ತೆಂಗಿನ ಹಾಲಿನ ಜೊತೆ ಮಳೆನೀರೂ ಬೀಳುವ ಸ್ಥಿತಿ. ಹೊಸದಾಗಿ ದೊಡ್ಡ ಹಾಲ್, ಕೆಳಗೆ ಊಟದ ಹಾಲ್, ಅಡುಗೆಮನೆ, ಶೌಚಾಲಯ, ವಾಹನ ನಿಲ್ಲಿಸುವ ಜಾಗ ಎಲ್ಲ ಬೇಕಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯ ಹಾಲ್ ಕಟ್ಟುವವರಿಗೆ ಆ ಎರಡು ಕಷ್ಟವೂ ಒಟ್ಟಿಗೇ ಬರುತ್ತವೆ.

ಕೆಲಸದ ಹೊಣೆ ಹೊತ್ತವರು ಪಾಲನಾ ಮಂಡಳಿಯ ಉಪಾಧ್ಯಕ್ಷ ವಲೇರಿಯನ್. ಅರವತ್ತರ ಹತ್ತಿರದ ವಯಸ್ಸು, ಮಸ್ಕತ್ತಿನಲ್ಲಿ ದುಡಿದು ಬಂದವರು, ಮಾತು ಕಡಿಮೆ, ಹಟ ಜಾಸ್ತಿ. ಆ ಹಾಲ್ ಅವರಿಗೆ ಮಗಳ ಮದುವೆಯಷ್ಟೇ ಮುಖ್ಯವಾಗಿತ್ತು. ಧರ್ಮಗುರುಗಳು ಆ ಊರಿಗೆ ಹೊಸಬರು, ನನಗಿಂತ ಚಿಕ್ಕವರು.

ನಿವೇಶನ ಸ್ಮಶಾನದ ಗೋಡೆಯ ಹಿಂದೆ. ಗೋಡೆಯ ಈಚೆ ಸುಣ್ಣ ಬಳಿದ ಸಮಾಧಿಗಳು, ಆಚೆ ಖಾಲಿ ಬಯಲು. ಮೊದಲ ದಿನವೇ ಆ ಬಯಲು ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆ ಒಂದು ಸೆಂಟ್ಸ್ ಜಾಗ ಬಿಟ್ಟರೂ ಅಲ್ಲೊಂದು ಗೇರುಮರ ಇರುತ್ತದೆ, ಇಲ್ಲದಿದ್ದರೆ ಬಟ್ಟೆ ಒಣಗಿಸುವ ಹಗ್ಗವಾದರೂ ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲೇ ಶಾಲೆ ಇದ್ದರೂ ಮಕ್ಕಳು ಅಲ್ಲಿ ಚೆಂಡಾಡುತ್ತಿರಲಿಲ್ಲ.

"ಈ ಜಾಗ ಯಾಕೆ ಹೀಗೆ ಬಿಟ್ಟಿದ್ದೀರಿ?" ಎಂದು ಕೇಳಿದೆ.

"ಅದು ಮೊದಲಿಂದಲೂ ಹಾಗೇ ಉಂಟು ಮೇಡಂ," ಎಂದರು ವಲೇರಿಯನ್. "ಈಗ ಉಪಯೋಗಕ್ಕೆ ಬಂತಲ್ಲ."

ನಕ್ಷೆಯಲ್ಲಿ ಹಾಲ್ ಬಯಲಿನ ಮೇಲ್ತುದಿಗೆ, ಅಡುಗೆಮನೆ ಮತ್ತು ಸೆಪ್ಟಿಕ್ ಟ್ಯಾಂಕ್ ಕೆಳತುದಿಗೆ, ಗೋಡೆಗೆ ತಾಗಿ. ನೀರು ಹರಿಯುವ ಇಳಿಜಾರಿನ ಲೆಕ್ಕದಲ್ಲಿ ಅದೇ ಸರಿಯಾದ ಜಾಗ, ನಾನೂ ಒಪ್ಪಿದ್ದೆ. ಮೇಸ್ತ್ರಿ ಗೂಟ ಹೊಡೆದು ನೂಲು ಕಟ್ಟಿ ಗುರುತು ಮಾಡಿದ. ಮರುದಿನ ಹೋಗಿ ನೋಡಿದರೆ ಹಾಲಿನ ಗೂಟಗಳು ಇದ್ದ ಹಾಗೇ ಇದ್ದವು. ಸೆಪ್ಟಿಕ್ ಟ್ಯಾಂಕಿನವು ಮಾತ್ರ ಇರಲಿಲ್ಲ.

ಕಿತ್ತು ಎಸೆದಿದ್ದರೆ ಪೋಲಿಗಳ ಕೆಲಸ ಎನ್ನಬಹುದಿತ್ತು. ಗೂಟಗಳ ಮಣ್ಣು ಒರೆಸಿ, ಒಟ್ಟಿಗೆ ಕಟ್ಟಿ, ಸ್ಮಶಾನದ ಗೋಡೆಯ ಮೇಲೆ ಇಟ್ಟಿದ್ದರು. ನೂಲನ್ನು ಗಂಟಿಲ್ಲದೆ ಉಂಡೆ ಸುತ್ತಿ ಪಕ್ಕದಲ್ಲಿ ಇಟ್ಟಿದ್ದರು. ಮತ್ತೆ ಹೊಡೆಸಿದೆವು. ಮತ್ತೆ ಹಾಗೇ ಆಯಿತು. ಮೇಸ್ತ್ರಿ ಬೈದ, ಕಾವಲು ಕೂರುತ್ತೇನೆ ಎಂದ, ಕೊನೆಗೆ ಕೂರಲಿಲ್ಲ. ನೂಲಿನ ಆ ಅಚ್ಚುಕಟ್ಟು ಉಂಡೆ ಅವನನ್ನು ಹೆದರಿಸಿತ್ತು. ಸುಳ್ಳೇಕೆ, ನನ್ನನ್ನೂ ಹೆದರಿಸಿತ್ತು.

ಇನ್ನೊಂದು ಸಂಗತಿ ಗಮನಕ್ಕೆ ಬರಲು ನನಗೆ ಕೆಲವು ದಿನ ಹಿಡಿಯಿತು. ಬೆಳಗಿನ ಪೂಜೆ ಬಿಟ್ಟ ಮೇಲೆ ಜನ ಆ ಬಯಲಿನ ಅಂಚಿನ ಕಾಲುದಾರಿಯಲ್ಲಿ ಮನೆಗೆ ಹೋಗುತ್ತಾರೆ. ಗಂಡಸರು ಅಡಿಕೆಯ ರೇಟು, ರಾಜಕೀಯ ಮಾತಾಡುತ್ತ ಸಾಗುತ್ತಾರೆ. ಹೆಂಗಸರೂ ಮಾತಾಡುತ್ತ ಬರುತ್ತಾರೆ, ಆದರೆ ಗೋಡೆಯ ಮೂಲೆ ಸಿಕ್ಕಿದ ಕೂಡಲೇ ಮಾತು ನಿಲ್ಲುತ್ತದೆ. ವಯಸ್ಸಾದವರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಬಯಲು ದಾಟಿ ದಾರಿ ತಿರುಗಿದ ಮೇಲೆ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಅಲ್ಲಿಂದಲೇ ಮುಂದುವರಿಸುತ್ತಾರೆ. ಎಳೆಯ ಹೆಂಗಸರೂ ಹಾಗೇ ಮಾಡುತ್ತಿದ್ದರು. ಒಬ್ಬಳನ್ನು ನಿಲ್ಲಿಸಿ ಕೇಳಿದೆ. "ಯಾಕೆ ಅಂತ ಗೊತ್ತಿಲ್ಲ ಮೇಡಂ, ಅಮ್ಮ ಹಾಗೆ ಮಾಡ್ತಿದ್ರು," ಎಂದು ಹೇಳಿ ಹೋದಳು.

ಏಪ್ರಿಲಿನ ಬಿಸಿಲಿಗೆ ಬಯಲಿನ ಹುಲ್ಲು ಒಣಗಿ ಕಂದಾಗಿತ್ತು. ಗೋಡೆಯ ಬುಡದಲ್ಲಿ ಮಾತ್ರ ಅಲ್ಲಲ್ಲಿ ಹಸಿರು. ಒಂದೊಂದು ಹಸಿರೂ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಮಣ್ಣು ಸಡಿಲವಿದ್ದಲ್ಲಿ ತೇವ ಉಳಿಯುತ್ತದೆ, ಹುಲ್ಲು ಉಳಿಯುತ್ತದೆ. ವಿವರಣೆ ಇಷ್ಟು ಸರಳವಾಗಿತ್ತು. ಆದರೂ ಆ ಹಸಿರಿನ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ, ಸುತ್ತು ಹಾಕಿ ನಡೆದೆ.

ನಮ್ಮ ಕೆಂಪುಕಲ್ಲಿನ ನೆಲಕ್ಕೆ ಒಂದು ಗುಣವಿದೆ. ಅಗೆಯದೆ ಬಿಟ್ಟರೆ ಬಂಡೆಯ ಹಾಗೆ ಇರುತ್ತದೆ. ಒಮ್ಮೆ ಕಡಿದು ಮಣ್ಣು ತುಂಬಿದರೆ ಎಷ್ಟು ವರ್ಷ ಕಳೆದರೂ ಮೊದಲಿನಂತೆ ಗಟ್ಟಿಯಾಗುವುದಿಲ್ಲ. ಅಂಥ ತುಂಬಿದ ಮಣ್ಣಿನ ಮೇಲೆ ಫೂಟಿಂಗ್, ಅಂದರೆ ಕಂಬದ ಪಾದ, ಕೂತರೆ ಕಟ್ಟಡ ಒಂದು ಕಡೆಗೆ ಜಗ್ಗುತ್ತದೆ. ಅದಕ್ಕೇ ಜೆಸಿಬಿ ತರಿಸುವ ಮೊದಲು ನೆಲಕ್ಕೆ ಕಬ್ಬಿಣದ ಸರಳು ಹೊಡೆದು ನೋಡುವ ಎಂದೆ. ಗಟ್ಟಿ ಇದ್ದಲ್ಲಿ ಸರಳು ಟಣ್ ಎಂದು ಹಿಂದಕ್ಕೆ ಹಾರುತ್ತದೆ. ಮೆತ್ತಗಿದ್ದಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಇಳಿದ ಕಡೆಯೆಲ್ಲ ಅದರ ಅಗಲ, ಉದ್ದ ಹುಡುಕಿ ಸುಣ್ಣದ ಹುಡಿ ಹಾಕಿ ಎಂದು ಹೇಳಿದೆ.

ಗದಗದ ಕಡೆಯಿಂದ ಬಂದ ಇಬ್ಬರು ಕೆಲಸಗಾರರು ಬೆಳಿಗ್ಗೆ ಶುರು ಮಾಡಿದರು. ಟಣ್, ಟಣ್, ಟಣ್, ಆಮೇಲೆ ಮೌನ. ಮತ್ತೆ ಟಣ್, ಮತ್ತೆ ಮೌನ. ಸ್ವಲ್ಪ ಹೊತ್ತಿನಲ್ಲೇ ಆ ಮೌನಗಳು ಬರುವ ಹೊತ್ತು ನನಗೆ ಮೊದಲೇ ತಿಳಿಯತೊಡಗಿತು, ಯಾಕೆಂದರೆ ಅವು ಒಂದೇ ಅಂತರದಲ್ಲಿ ಬರುತ್ತಿದ್ದವು. ಒಬ್ಬ ಸರಳು ಕೆಳಗಿಟ್ಟ.

"ಮೇಡಂ, ನಾ ಇನ್ನ ಹೊಡ್ಯಂಗಿಲ್ರಿ," ಎಂದ. ಹೋಗಿ ನೆರಳಿನಲ್ಲಿ ಕೂತ.

ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದು ನಾನು ಗಂಟೆಗೋಪುರದ ಮೆಟ್ಟಿಲು ಹತ್ತಿದೆ. ಮೇಲಿನಿಂದ ಸ್ಮಶಾನ, ಗೋಡೆ, ಬಯಲು ಮೂರೂ ಒಂದೇ ನೋಟಕ್ಕೆ ಕಂಡವು. ಗೋಡೆಯ ಈಚೆ ಸಾಲಾಗಿ ಸಮಾಧಿಗಳು. ಗೋಡೆಯ ಆಚೆ ಸಾಲಾಗಿ ನನ್ನ ಸುಣ್ಣದ ಗುರುತುಗಳು. ಎರಡೂ ಒಂದೇ ದಿಕ್ಕಿಗೆ ಮಲಗಿದ್ದವು, ವ್ಯತ್ಯಾಸ ಅಳತೆಯಲ್ಲಿ ಮಾತ್ರ. ಈಚೆಯವು ಆಳುದ್ದ, ಆಚೆಯವು ಮೊಳದುದ್ದ.

ಇನ್ನೂ ಒಂದು ಕಂಡಿತು. ಕಾಲುದಾರಿಯಲ್ಲಿ ಹೆಂಗಸರು ನಿಂತಿದ್ದರು. ಪೂಜೆ ಬಿಟ್ಟು ಬಹಳ ಹೊತ್ತಾಗಿತ್ತು, ಯಾರೂ ಮನೆಗೆ ಹೋಗಿರಲಿಲ್ಲ. ಬಯಲಿಗೆ ಇಳಿಯದೆ, ಒಬ್ಬರೊಡನೊಬ್ಬರು ಮಾತಾಡದೆ, ಆ ಬಿಳಿ ಗುರುತುಗಳನ್ನು ನೋಡುತ್ತಿದ್ದರು.

ನಾನು ಕೆಳಗಿಳಿದು ಬರುವಷ್ಟರಲ್ಲಿ ಅವರಲ್ಲಿ ಒಬ್ಬರು ಬಯಲಿಗೆ ಇಳಿದಿದ್ದರು. ಎಂಬತ್ತು ದಾಟಿದ ಮುದುಕಿ. ಸೆರಾಫಿನ್ ಬಾಯಿ, ವಲೇರಿಯನರ ತಾಯಿ. ಅವರ ಮುಷ್ಟಿಯಲ್ಲಿ ಮೇಸ್ತ್ರಿಯ ನೂಲಿತ್ತು.

"ಗೂಟ ಕೀಳುವುದು ನೀವಾ ಬಾಯಮ್ಮ?" ಎಂದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಹೌದು ಮಗಾ. ಕಕ್ಕಸಿನ ಗುಂಡಿ ಇಲ್ಲೇ ಬರಬೇಕಾ?"

ಮತ್ತೆ ಅವರೇ ಹೇಳಿದರು. ತಲೆಗೆ ನೀರು ಹಾಕಿ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನ ಆಗದೆ ತೀರಿಕೊಂಡ ಮಕ್ಕಳಿಗೆ ಆ ಕಾಲದಲ್ಲಿ ಗೋಡೆಯೊಳಗೆ ಜಾಗವಿರಲಿಲ್ಲ. ಹೆಸರಿಲ್ಲ, ಕ್ರೂಸಿಲ್ಲ, ಗಂಟೆ ಇಲ್ಲ. ಮನೆಯ ಗಂಡಸೊಬ್ಬ ಬುಟ್ಟಿಯಲ್ಲಿ ತಂದು ಗೋಡೆಯ ಹೊರಗೆ ಮಣ್ಣು ಮಾಡಿ ಹೋಗುತ್ತಿದ್ದ. ಗೋಡೆಯೊಳಗಿನ ಸಮಾಧಿಗಳ ದಿಕ್ಕನ್ನೇ ನೋಡಿ ಅಗೆಯುತ್ತಿದ್ದನಂತೆ, ಅಷ್ಟಾದರೂ ಇರಲಿ ಎಂದು. ಹೆತ್ತವಳು ಬಾಣಂತಿ ಕೋಣೆಯಲ್ಲಿರುತ್ತಿದ್ದಳು. ಎದ್ದು ಓಡಾಡುವ ಹೊತ್ತಿಗೆ ಹುಲ್ಲು ಬಂದಿರುತ್ತಿತ್ತು. ಕೇಳಿದರೆ ಯಾರೂ ಹೇಳುತ್ತಿರಲಿಲ್ಲ.

"ನನ್ನದು ಹೆಣ್ಣು," ಎಂದರು. "ಸೂಲಗಿತ್ತಿ ನೀರು ತರಲಿಕ್ಕೆ ಹೋದಳು, ತಲೆಗೆ ಹಾಕಿ ಪ್ರಾರ್ಥನೆ ಹೇಳಲಿಕ್ಕೆ. ಚೆಂಬು ಬರುವಷ್ಟರಲ್ಲಿ ಹೋಯಿತು. ನನ್ನ ಯಜಮಾನರು ಎಲ್ಲಿಟ್ಟರು ಅಂತ ನನಗೆ ಹೇಳಲೇ ಇಲ್ಲ, ಹೇಳದೇ ಸತ್ತರು."

ಬಗ್ಗಿ ಒಂದು ಸುಣ್ಣದ ಗುರುತನ್ನು ನೋಡಿದರು, ಮತ್ತೊಂದನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ, ಮೆಷಿನ್ ಇಟ್ಟು ರೋಗ ಹೇಳುವ ಡಾಕ್ಟರರನ್ನು ಕೇಳುವ ಹಾಗೆ ಕೇಳಿದರು.

"ನೀನು ಇಂಜಿನಿಯರ್ ಅಲ್ವಾ ಮಗಾ. ಇದರಲ್ಲಿ ನನ್ನದು ಯಾವುದು?"

ಈ ಕೆಂಪು ಮಣ್ಣಿನಲ್ಲಿ ಎಳೆಯ ಎಲುಬು ಉಳಿಯುವುದಿಲ್ಲ. ಅಗೆದರೂ ಸಿಗುವುದು ಸಡಿಲ ಮಣ್ಣು ಮಾತ್ರ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ನಾನು ಹೋಗಿ ಹೇಳಿದ ಮೇಲೆ ಅಂದು ಮಧ್ಯಾಹ್ನವೇ ಫಾದರ್ ಮಂಡಳಿಯನ್ನು ಕರೆದರು. ಎಲ್ಲರೂ ಗಂಡಸರು. ಒಬ್ಬೊಬ್ಬರಿಗೂ ಆ ಜಾಗದ ವಿಷಯ ಅರ್ಧರ್ಧ ಗೊತ್ತಿತ್ತು. ಅವರಿಗೆ ಸ್ಮಶಾನವೆಂದರೆ ಗೋಡೆಯೊಳಗಿನದು, ಆದ್ದರಿಂದ ಆಚೆಯದನ್ನು ಖಾಲಿ ಎಂದು ಬರೆದುಕೊಟ್ಟಿದ್ದರು. ಅದರಲ್ಲಿ ಮೋಸವಿರಲಿಲ್ಲ. ವಲೇರಿಯನರಿಗೆ ತಾಯಿ ಹೇಳಿದ್ದು ಇನ್ನೂ ಗೊತ್ತಾಗಿರಲಿಲ್ಲ, ಕೆಲಸ ನಿಂತದ್ದು ಮಾತ್ರ ಗೊತ್ತಿತ್ತು.

"ಪ್ಲಾನ್ ಪಾಸಾಗಿದೆ, ಮಳೆಗೆ ಮೊದಲು ಪಾಯ ಏಳಬೇಕು," ಎಂದರು. "ಮೆತ್ತನೆ ಮಣ್ಣಾದರೆ ತೆಗೆದು ಕಾಂಕ್ರೀಟ್ ತುಂಬಿಸುವ. ಆಗುವುದಿಲ್ಲವಾ ಮೇಡಂ?"

"ಆಗ್ತದೆ," ಎಂದೆ. "ಜೆಸಿಬಿಗೆ ಅರ್ಧ ದಿನದ ಕೆಲಸ. ಆದರೆ ನಾನು ಮಾಡಿಸುವುದಿಲ್ಲ."

ಇಂಥ ಮಾತು ನನ್ನ ವೃತ್ತಿಯಲ್ಲಿ ಅಪರೂಪ. ನಾವು ತಾಂತ್ರಿಕ ನೆಪ ಹೇಳಿ ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಜಾರಿಕೊಳ್ಳುವವರು. ಅಂದು ನನಗೆ ನೆಪ ಬೇಡವಾಗಿತ್ತು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಇಂದಿಗೂ ಸರಿಯಾಗಿ ಗೊತ್ತಿಲ್ಲ.

ವಲೇರಿಯನ್ ಎದ್ದು ನಿಂತರು. ಅಷ್ಟರಲ್ಲಿ ಬಾಗಿಲ ಬಳಿ ಅವರ ತಾಯಿ ಕಾಣಿಸಿಕೊಂಡರು. ಮಂಡಳಿಯ ಕೋಣೆಗೆ ಅವರು ಬಂದದ್ದು ಅದೇ ಮೊದಲಂತೆ. ಕೊಂಕಣಿಯಲ್ಲಿ ಮಗನಿಗೆ ಒಂದೇ ಮಾತು ಹೇಳಿದರು. "ಪುತ್ತಾ, ಮೊದಲನೆಯವ ನೀನಲ್ಲ. ನಿನಗಿಂತ ಮುಂಚೆ ಒಬ್ಬಳಿದ್ದಳು. ಅವಳು ಅಲ್ಲಿದ್ದಾಳೆ."

ಊರಿನಲ್ಲೆಲ್ಲ ಹಿರಿಮಗ ಎನಿಸಿಕೊಂಡು ಆ ಅಧಿಕಾರದಲ್ಲೇ ಬದುಕಿದ ಮನುಷ್ಯ ಕುರ್ಚಿಯಲ್ಲಿ ಕೂತರು. ಫಾದರ್ ನಿಧಾನವಾಗಿ, ಆ ಕಾಲದ ರೂಢಿ ಈಗ ಇಲ್ಲ, ಈ ಮಕ್ಕಳಿಗಾಗಿ ಈಗ ಪ್ರಾರ್ಥನೆ ಉಂಟು ಎಂದರು. ಯಾರೂ ವಾದ ಮಾಡಲಿಲ್ಲ. ಕೊನೆಗೆ ವಲೇರಿಯನ್ ನನ್ನನ್ನು ಕೇಳಿದ್ದು, "ಟ್ಯಾಂಕ್ ಮೇಲಿನ ಬದಿಗೆ ಹಾಕಿದರೆ ನೀರು ಏರ್ತದಾ?"

"ಪಂಪ್ ಇಟ್ಟರೆ ಏರ್ತದೆ."

"ಹಾಗಾದರೆ ಪಂಪ್ ಇಡುವ."

ಹಾಲ್ ಇನ್ನೂ ಮೇಲಕ್ಕೆ ಸರಿಯಿತು, ವಾಹನ ನಿಲ್ಲಿಸುವ ಜಾಗ ಅರ್ಧಕ್ಕಿಳಿಯಿತು. ಈಗಲೂ ಅಲ್ಲಿ ಮದುವೆಗೆ ಹೋದವರು ಕಾರಿಗೆ ಜಾಗವಿಲ್ಲ ಎಂದು ಇಂಜಿನಿಯರಿಗೆ ಬೈಯುತ್ತಾರೆ. ನವೆಂಬರಿನಲ್ಲಿ ಸತ್ತವರ ದಿನಕ್ಕೆ ಮೊದಲು ಸ್ಮಶಾನದ ಆ ಬದಿಯ ಗೋಡೆಯನ್ನು ಕೆಡವಿ, ಮಕ್ಕಳಿರುವಷ್ಟು ಬಯಲನ್ನೂ ಒಳಗೆ ಸೇರಿಸಿ ಹೊಸ ಗೋಡೆ ಕಟ್ಟಿದರು. ಫಾದರ್ ತೀರ್ಥ ಚಿಮುಕಿಸಿದ ದಿನ ನಾನು ಹೋಗಿರಲಿಲ್ಲ.

ಹೊಸ ಹಾಲಿನ ಉದ್ಘಾಟನೆಯಾಗಿ ಕೆಲವು ತಿಂಗಳಲ್ಲಿ ವಲೇರಿಯನ್ ಫೋನ್ ಮಾಡಿದರು. ತಾಯಿ ತೀರಿಕೊಂಡಿದ್ದರು. ಗಂಡನ ಪಕ್ಕದಲ್ಲಿ ಜಾಗವಿದ್ದರೂ ಅದು ಬೇಡ, ಮಕ್ಕಳಿರುವ ಆ ಬದಿಗೆ ಇಡಿ ಎಂದು ಮೊದಲೇ ಹೇಳಿದ್ದರಂತೆ. "ಗುಂಡಿ ತೋಡುವಾಗ ಯಾವ ಮಗುವಿಗೂ ತಾಗಬಾರದು," ಎಂದರು. "ನೀವೊಮ್ಮೆ ಬಂದು ನೋಡ್ತೀರಾ ಮೇಡಂ?"

ನಿವೇಶನ ಪರೀಕ್ಷಿಸುವುದೆಂದರೆ ನೆಲದ ಬಲ ಅಳೆಯುವುದು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ನೆಲ ಪರೀಕ್ಷಿಸುವ ಮೊದಲು ಆ ದಾರಿಯಲ್ಲಿ ನಡೆಯುವ ಹೆಂಗಸರನ್ನು ಮಾತಾಡಿಸಬೇಕು ಎಂಬುದನ್ನು ಈ ಕೆಲಸ ಕಲಿಸಿತು. ಅಲ್ಲಿಂದೀಚೆ ಯಾವ ಸೈಟಿನಲ್ಲೂ ಅದನ್ನು ತಪ್ಪಿಸಿಲ್ಲ.

ಅಂದು ವಲೇರಿಯನರ ಕರೆಗೆ ಹೋದಾಗ ಸರಳನ್ನು ಬೇರೆಯವರ ಕೈಗೆ ಕೊಡದೆ ನಾನೇ ಹಿಡಿದೆ. ಹಳೆಯ ಗುರುತುಗಳನ್ನು ಮಳೆ ತೊಳೆದಿತ್ತು. ಮೆಲ್ಲಗೆ ಹೊಡೆಯುತ್ತ ಹೋದೆ. ಇಳಿದಲ್ಲೆಲ್ಲ ತಟ್ಟನೆ ಹಿಂದೆ ಎಳೆದುಕೊಂಡೆ. ಕೊನೆಗೆ ಒಂದು ಕಡೆ ಆಳುದ್ದದ ನೆಲ ಉದ್ದಕ್ಕೂ ಟಣ್ ಎಂದಿತು.

"ಇಲ್ಲಿ ಯಾರೂ ಇಲ್ಲ ಅಲ್ವಾ?" ಎಂದರು ವಲೇರಿಯನ್.

"ಇಲ್ಲಿ ಇಲ್ಲ. ಎರಡೂ ಬದಿಯಲ್ಲಿ ಇದ್ದಾರೆ."

"ಸಾಕು," ಎಂದರು ಅವರು. "ಅಮ್ಮನಿಗೆ ಅಷ್ಟು ಸಾಕು."