ವೈರಿಲ್ಲದ ಹೆಡ್‌ಸೆಟ್ಟೂ ಅಣ್ಣನ ಹೆಬ್ಬೆರಳೂ

ನನ್ನ ವೈರಿಲ್ಲದ ಹೆಡ್‌ಸೆಟ್ಟಿಗೆ ಒಂದು ವಿಚಿತ್ರ ಸ್ವಭಾವವಿದೆ. ಹಾಡು ಕೇಳುವಷ್ಟು ಹೊತ್ತು ತಂಬೂರಿಯ ತಂತಿ ತಂತಿಯನ್ನೂ ಬಿಡಿಸಿ ಕೇಳಿಸುವ ಈ ಮಹಾಶಯ, ಫೋನು ಬಂದು ತನ್ನ ಮೈಕು ತೆರೆದನೆಂದರೆ ಸಾಕು, ದನಿಯನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಂತೆ ಕುಗ್ಗಿಸಿಬಿಡುತ್ತಾನೆ. ಹುಬ್ಬಳ್ಳಿಯ ಅಂಗಡಿಯವನನ್ನು ಆಮೇಲೆ ವಿಚಾರಿಸಿದರೆ, 'ಬರೇ ಕೇಳೂದಾದ್ರ ಛಲೋ ಕೇಳ್ತೈತ್ರಿ ಸರ, ಮಾತೂ ಆಡ್ತೇನಿ ಅಂದ್ರ ಸೌಂಡ್ ಇಳೀತೈತಿ' ಎಂದು ವೇದಾಂತಿಯ ಗಾಂಭೀರ್ಯದಿಂದ ನುಡಿದ. ಮಾತಾಡುತ್ತಲೇ ಕೇಳಿಸಿಕೊಳ್ಳುವ ವಿದ್ಯೆ ಮನುಷ್ಯರಿಗೇ ಸಿದ್ಧಿಸಿಲ್ಲದಿರುವಾಗ ಈ ಬಡಪಾಯಿಯನ್ನು ದೂರಿ ಏನು ಫಲ, ಹೇಳಿ. ಜನ್ಮವಿಡೀ ಮಾಸ್ತರಿಕೆ ಮಾಡಿದ ನಾನಂತೂ ಆ ವಿಷಯದಲ್ಲಿ ಬಾಯಿ ತೆರೆಯುವಂತಿಲ್ಲ.

ಅದನ್ನು ಕೊಂಡದ್ದು ನನಗಾಗಿ ಅಲ್ಲ, ಅಣ್ಣ ಬಸಣ್ಣನಿಗಾಗಿ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಯಂತ್ರದ ಮಗ್ಗುಲಲ್ಲೇ ಆಯುಷ್ಯ ಸವೆಸಿದ ಅವನಿಗೆ ಕಿವಿ ಮಂದವಾಗಿತ್ತು. ಆ ಗದ್ದಲದಲ್ಲಿ ಮಾತು ನಡೆಯದು. ಸಕಲ ವ್ಯವಹಾರವೂ ಕೈಸನ್ನೆಯಲ್ಲೇ. ಹೆಬ್ಬೆರಳೆತ್ತಿದರೆ 'ಹೂಂ, ಆತು' ಎಂದರ್ಥ. ಅಭ್ಯಾಸಬಲದಿಂದ ಮನೆಯಲ್ಲೂ ಊಟ ಆಯಿತೇ ಎಂದರೆ ಹೆಬ್ಬೆರಳು, ಸಾರು ಹೇಗಿದೆ ಎಂದರೂ ಹೆಬ್ಬೆರಳು. ನಮಗೆ ಅದು ಬಾಯಿಮಾತಿಗಿಂತ ಖರೆ.

ಮುಂಡಗೋಡದ ಚಿಗಳ್ಳಿಗೆ ಕೊಟ್ಟ ನಮ್ಮ ಹಿರಿಯಕ್ಕ ಗಂಗಕ್ಕನಿಗೆ ಮಾತ್ರ ಇದಾವುದೂ ತಿಳಿದಿರಲಿಲ್ಲ. ಕಿವಿ ಕೇಳದ ನಾಚಿಕೆಗೆ ಅಣ್ಣ ಫೋನಿನ ಹತ್ತಿರ ಸುಳಿಯುತ್ತಿರಲಿಲ್ಲ. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ತಾನು ಎಂದೋ ಆಡಿದ ಬಿರುಸು ಮಾತಿಗೆ ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆಂದೇ ಅವಳು ನಂಬಿದ್ದಳು. ಹಾಸಿಗೆ ಹಿಡಿದವಳು, ಬಸುವಿನ ದನಿ ಒಮ್ಮೆ ಕೇಳಬೇಕೆಂದು ಹೇಳಿಕಳಿಸಿದಾಗ ನಾನು ಈ ಹೆಡ್‌ಸೆಟ್ಟು ತಂದೆ.

ಮೊದಲು ಹಾಡು ಹಚ್ಚಿದೆ. ಎಷ್ಟೋ ವರ್ಷಗಳ ಮೇಲೆ ಹಾಡು ಕೇಳಿ ಅಣ್ಣನ ಕಣ್ಣು ತುಂಬಿದವು. ಯಂತ್ರವನ್ನು ನಾನೇ ಕಂಡುಹಿಡಿದವನಂತೆ ಬೀಗುತ್ತ ಅಕ್ಕನಿಗೆ ಫೋನು ಹಚ್ಚಿಕೊಟ್ಟೆ. ದನಿ ಕುಗ್ಗಿರಬೇಕು; ಅವನು ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡು, ಕಣ್ಣು ಮುಚ್ಚಿ ಆಲಿಸಿದ. ಆಮೇಲೆ ಮುಖ ಅರಳಿಸಿ ಹೆಬ್ಬೆರಳೆತ್ತಿದ. ಮತ್ತೊಮ್ಮೆ, ಇನ್ನೂ ಮೇಲಕ್ಕೆ ಎತ್ತಿದ. ನನ್ನ ಖರೀದಿಗೆ ಸಂದ ಪ್ರಶಸ್ತಿಯೆಂದು ತಿಳಿದು ನಾನೂ ಎತ್ತಿದೆ.

ಎರಡೇ ದಿನಕ್ಕೆ ಅಕ್ಕ ತೀರಿಕೊಂಡಳು; ಅವಳ ಮಣ್ಣಿಗೆಂದು ಚಿಗಳ್ಳಿಗೆ ಹೋದೆವು. ಅಕ್ಕನ ಮಗಳು ಅಣ್ಣನ ಮುಖ ನೋಡದೆ ನನಗೆ ಹೇಳಿದಳು: 'ಸಿಟ್ಟು ಹೋತೇನೋ ಬಸೂ ಅಂತ ಅವ್ವ ಎರಡು ಸಲ ಕೇಳಿದ್ಳು. ಮಾಮಾ ಉಸುರೇ ಎತ್ತಲಿಲ್ಲ.'

ಅವನು ಎರಡು ಸಲವೂ ಉತ್ತರ ಕೊಟ್ಟಿದ್ದ. ಎದುರಿಗೇ ನಿಂತಿದ್ದ ನಾನು, ಶಾಲೆಯಲ್ಲಿ ದಿನವಿಡೀ ಅರಚುತ್ತಿದ್ದ ಈ ಬಾಯಿಂದ, ಒಂದು 'ಹೂಂ' ಅಂದಿದ್ದರೆ ಅಕ್ಕ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದಳು. ಆ ಪಾಪ ನನ್ನದೇ.

ಮಾತು ಕೇಳಿಸದ ಅಣ್ಣ ನನ್ನ ತೋಳು ಹಿಡಿದು ಕೇಳಿದ: 'ನಾ ಹೂಂ ಅಂದದ್ದು ಅಕ್ಕಗ ತಿಳೀತಂತೇನು?'

ನಾನು ಹೆಬ್ಬೆರಳೆತ್ತಿದೆ. ಅವನು ನಂಬಿದ.

ಹೆಡ್‌ಸೆಟ್ಟು ಈಗ ನನ್ನ ಪಾಲಿಗೆ ಬಂದಿದೆ. ಹಾಡಿನ ನಡುವೆ ಫೋನು ಬಂದು ದನಿ ಕುಗ್ಗಿದರೆ ಈಗ ಬೈಯುವುದಿಲ್ಲ. ಆ ಕಡೆ ಯಾರೋ ನನ್ನ ಮಾತಿಗೆ ಕಾದಿದ್ದಾರೆ ಎಂದುಕೊಳ್ಳುತ್ತೇನೆ. 'ಹೂಂ, ಕೇಳಾಕತ್ತೇನಿ, ಹೇಳ್ರಿ' ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಅನ್ನುತ್ತೇನೆ. ಎದುರಿಗೆ ಕುಳಿತ ಅಣ್ಣ, ನನ್ನ ತುಟಿ ಅಲುಗಿದ್ದು ಕಂಡು, ತನ್ನನ್ನೇ ಏನೋ ಕೇಳಿದೆನೆಂದು ಹೆಬ್ಬೆರಳೆತ್ತುತ್ತಾನೆ.