ಉದ್ದ ತೋಳಿನ ಅಧ್ಯಾಯ

ಆ ಇಂಗ್ಲಿಷ್ ಕಾದಂಬರಿಯನ್ನು ಪುಣೆಯ ಅತ್ತಿಗೆ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು. ಒಂದು ಉಲ್ಲನ್ ಅಂಗಡಿ, ಅಲ್ಲಿ ಕೂತು ಸ್ವೆಟರ್ ಹೆಣೆಯುವ ಹೆಂಗಸರು, ಅವರ ನಡುವೆ ಒಂದು ಕೊಲೆ. ರಕ್ತಪಾತದ ವರ್ಣನೆಯಿಲ್ಲದ, ಚಹಾ ಕುಡಿಯುತ್ತ ಓದಬಹುದಾದ ಪತ್ತೇದಾರಿ ಕಥೆ.

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಶಿರಸಿಯಲ್ಲಿ ನಾವೂ ಹಾಗೆ ಸೇರುತ್ತಿದ್ದೆವು. ಶನಿವಾರ ಮಧ್ಯಾಹ್ನ, ಒಂಟಿಯಾಗಿದ್ದ ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಜಗುಲಿಯಲ್ಲಿ. ಊರಿಗೆಲ್ಲ ಅವರು ಅಕ್ಕೋರು. ಅವರು ಹೆಣಿಗೆ ತಿದ್ದುತ್ತಿದ್ದರು. ನಾನು ಕಾದಂಬರಿಯನ್ನು ಓದುತ್ತ ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಯಲ್ಲಾಪುರದಿಂದ ಮದುವೆಯಾಗಿ ಬಂದವಳು. ಮಾತು ಕಡಿಮೆ, ಕೈ ಚುರುಕು.

ಏಪ್ರಿಲ್‌ನ ಒಂದು ಶನಿವಾರ ಹೊಸ ಅಧ್ಯಾಯ ಶುರುಮಾಡಿದೆ. ಸುಡು ಬೇಸಿಗೆಯಲ್ಲೂ ಒಬ್ಬಳು ಮಣಿಕಟ್ಟಿನವರೆಗೆ ತೋಳು ಮುಚ್ಚಿಕೊಂಡು ಬರುತ್ತಾಳೆ. ಅದು ಏಕೆಂದು ಅಂಗಡಿಯ ಮುದುಕಿ ಯೋಚಿಸುತ್ತಾಳೆ. ಅಷ್ಟು ಹೇಳಿ ಕಣ್ಣೆತ್ತಿದೆ. ನಾವೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ಯಲ್ಲಾಪುರದವಳು ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಹಿಂದಿನ ಶನಿವಾರವೂ ಅದೇ.

ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಗಂಡ ಹೊಡೆದ ಗಾಯಗಳು. ಅದನ್ನು ಹಾರಿಸಿ ಬೇರೆ ಏನಾದರೂ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಪುಟದ ಮೇಲೆ ಬೆರಳಿಟ್ಟುಕೊಂಡು ಕೂತೆ.

"ಎಂತಕ್ಕೆ ನಿಲ್ಸಿದ್ಯೆ? ಮುಂದೆ ಹೇಳು" ಎಂದರು ಅಕ್ಕೋರು. ಅವರ ನೋಟ ನನ್ನ ಮೇಲಿರಲಿಲ್ಲ, ಅವಳ ಕೈಗಳ ಮೇಲಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಕಡ್ಡಿಗಳು ನಿಂತವು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಹೆಣಿಗೆಯಿಂದ ಮುಖ ಎತ್ತದೆ ಕಥೆಯ ಆ ಹೆಂಗಸಿನ ಬಗ್ಗೆ ಕೇಳಿದಳು, "ಆಮೇಲೆ ಅದು ಎಲ್ಲಿಗೆ ಹೋತು?"

"ಅಂಗಡಿ ಮೇಲೆ ಒಂದು ಕೋಣೆ ಇತ್ತು. ಮುದುಕಿ ಅಲ್ಲೇ ಇಟ್ಕಂಡ್ಚು" ಎಂದೆ.

"ನಮ್ಮನೇಲೂ ಕೋಣೆ ಖಾಲಿ ಇದ್ದು" ಎಂದರು ಅಕ್ಕೋರು.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡ ತೋಳನ್ನು ತಾನೇ ಮೇಲೆ ಸರಿಸಿದಳು. ನಾವು ನೋಡಿದೆವು.

ಐದು ಗಂಟೆಗೆ ಎಂದಿನಂತೆ ಅವಳ ಗಂಡ ಸ್ಕೂಟರಿನಲ್ಲಿ ಬಂದ. ಅವನು ಹಾರ್ನ್ ಹೊಡೆದ. ನಮ್ಮಲ್ಲಿ ಯಾರೂ ಅಲುಗಲಿಲ್ಲ. ಎರಡನೆಯ ಸಲ ಉದ್ದಕ್ಕೆ ಹೊಡೆದ. ಆಮೇಲೆ ಅಂಗಳಕ್ಕೆ ಬಂದು ನಿಂತ.

"ಅಕ್ಕೋರೆ, ಅದ್ನ ಕಳ್ಸಿ. ಹೊತ್ತಾತು."

ಅವನೂ ಸಣ್ಣವನಿದ್ದಾಗ ಅಕ್ಕೋರ ತರಗತಿಯಲ್ಲಿ ಕಲಿತವನೇ. ಅವರು ಎದ್ದು ಮೆಟ್ಟಿಲ ಮೇಲೆ ನಿಂತರು.

"ಅದು ಇವತ್ತು ಬತ್ತಿಲ್ಲೆ. ನೀನು ಹೋಗು."

ಅವನು ಒಂದು ಹೆಜ್ಜೆ ಮುಂದಿಟ್ಟ. ಆಗ ಎಲ್ಲರಿಗಿಂತ ಮೊದಲು ಎದ್ದವಳು ಬಾಗಿಲ ಪಕ್ಕ ಕೂತಿದ್ದ ಲಾರಿ ಮಾಲೀಕರ ಹೆಂಡತಿ. ಅವಳ ಹಿಂದೆ ನಾವೆಲ್ಲ ಎದ್ದೆವು. ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ, ಏನೋ ಗೊಣಗಿದ, ಸ್ಕೂಟರು ಒದ್ದು ಹೊರಟ. ಅಕ್ಕೋರು ಒಳಗೆ ಬಂದು ಚಿಲಕ ಹಾಕಿದರು.

ರಾತ್ರಿಯೇ ಅಕ್ಕೋರು ಫೋನ್ ಮಾಡಿ ತಿಳಿಸಿದ್ದರಿಂದ ಮರುದಿನ ಬೆಳಗಿನ ಬಸ್ಸಿಗೆ ಅವಳ ತಂದೆ ಬಂದರು. ಮಗಳನ್ನು ಸಮಾಧಾನ ಮಾಡಿ ಗಂಡನ ಮನೆಗೇ ಕಳಿಸುತ್ತಾರೋ ಎಂಬ ಹೆದರಿಕೆ ನಮಗಿತ್ತು. ಅವರು ಅವಳ ತೋಳು ನೋಡಿದರು, "ನಡೆ ತಂಗಿ, ಮನೆಗೆ ಹೋಪನ" ಎಂದು ಮಗಳನ್ನು ಯಲ್ಲಾಪುರದ ಬಸ್ಸು ಹತ್ತಿಸಿದರು.

ಅವಳು ಮತ್ತೆ ಶಿರಸಿಗೆ ಬರಲಿಲ್ಲ. ಕೆಲವು ವರ್ಷಗಳ ನಂತರ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಅಲ್ಲೇ ಶಿಶುವಿಹಾರವೊಂದರಲ್ಲಿ ಕಲಿಸುತ್ತಿದ್ದಳು. ಮಕ್ಕಳ ಕಾಟದ ಬಗ್ಗೆ ನಗುತ್ತ ದೂರು ಹೇಳಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಸೀಟು ಹಿಡಿಯಲು ಓಡಿದಳು.