ಜಾಲಹಳ್ಳಿಗೆ ರೇಷ್ಮೆ ಹುಳು, ದಾರಿಯುದ್ದಕ್ಕೂ ಟಕಟಕ

ಮೇ ತಿಂಗಳು. ತಂಪು ಹೊತ್ತಿನಲ್ಲೇ ರಾಯಚೂರು ಬಿಡಬೇಕೆಂದಿದ್ದೆವು. ಹುಳು ಕೈಗೆ ಸಿಗುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ತಂಗಿ ಮಲ್ಲಮ್ಮ ಜಾಲಹಳ್ಳಿಯಲ್ಲಿ ಮೊದಲ ಸಲ ಹಿಪ್ಪುನೇರಳೆ ಬೆಳೆಸಿ, ಮರಿ ರೇಷ್ಮೆ ಹುಳುಗಳನ್ನು ತಟ್ಟೆಗಳಲ್ಲಿ ಒಯ್ಯುತ್ತಿದ್ದಳು. ಅಕ್ಕಿಕಾಳಿನಷ್ಟು ಜೀವಗಳು; ಕಾರು ಕಾದರೆ ದಾರಿಯಲ್ಲೇ ಸಾಯುತ್ತವೆ. ಅದಕ್ಕೇ ಡ್ರೈವರ್ ಅಮರೇಶನ ಎಸಿ ಕಾರು ಬಾಡಿಗೆಗೆ ಗೊತ್ತು ಮಾಡಿದ್ದು. ನಾನು ಕಾರಿನ ಎಸಿ ರಿಪೇರಿಯವನು, ಜೊತೆಗಿದ್ದೇನೆಂದು ಅವಳಿಗೆ ಧೈರ್ಯ.

ಮಾನ್ವಿಯಲ್ಲಿ ಅವಳ ಗೆಳತಿಗೆ ಅರ್ಧ ಹುಳು ಕೊಟ್ಟು, ಮಂಡಕ್ಕಿಯ ಮಂಡಾಳು, ಮಿರ್ಚಿ ಬಜ್ಜಿ ತಿಂದು ಹೊರಟೆವು. ಸಿರವಾರ ದಾಟುತ್ತಲೇ ಬಾನೆಟ್ಟಿನೊಳಗೆ ಟಕಟಕ ಶುರುವಾಯಿತು. ಗಾಳಿ ಬೆಚ್ಚಗಾಯಿತು.

"ಯಣ್ಣಾ, ತಟ್ಟಿ ಕಾಯಾಕತ್ತಾವು. ಇವು ಸತ್ರ ಊರಾಗ ಹೆಂಗ ಮುಖ ತೋರಿಸ್ಲಿ? ಮೊದ್ಲೇ ನಗಾಕತ್ತಾರ," ಎಂದಳು ಮಲ್ಲಮ್ಮ.

"ಸುಮ್ನಿರಬೇ," ಎಂದು ರೇಗಿದೆ. ನನಗೂ ಭಯವಾಗಿತ್ತು.

ಬೇವಿನ ನೆರಳಲ್ಲಿ ನಿಲ್ಲಿಸಿದೆವು. ಎಂಜಿನ್ ತಿರುಗಿಸುವ ಚಕ್ರಕ್ಕೆ ಕಬ್ಬಿಣದ ಬಿಲ್ಲೆಯೊಂದು ಕರೆಂಟಿನ ಸೆಳೆತದಿಂದ ಅಂಟಿಕೊಂಡರೆ ಮಾತ್ರ ಎಸಿ ತಂಪು ಕೊಡುತ್ತದೆ. ಅದೇ ಕ್ಲಚ್ಚು. ಎಸಿ ಆರಿಸಿದಾಗ ಶಬ್ದ ನಿಂತಿತು. ಹಾಗಾದರೆ ಸದಾ ತಿರುಗುವ ಆ ಚಕ್ರದ ಬೇರಿಂಗ್ ಸರಿಯಿದೆ. ಬಿಲ್ಲೆಗೂ ಚಕ್ರಕ್ಕೂ ನಡುವಿನ ಸಂದು ಹೆಚ್ಚಾಗಿದೆಯೆಂದು ನಿರ್ಧರಿಸಿ, ಬಿಲ್ಲೆ ಬಿಚ್ಚಿ, ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಮತ್ತೆ ಕೂರಿಸಿದೆ. ಬೆರಳು ಸುಟ್ಟುಕೊಂಡದ್ದಷ್ಟೇ ಲಾಭ. ಟಕಟಕ ಹಾಗೇ ಇತ್ತು. ಮಲ್ಲಮ್ಮ ಒದ್ದೆ ಚಾದರ ಹಿಡಿದು ಕಿಟಕಿಗೆ ಅಡ್ಡ ನಿಂತಿದ್ದಳು.

ಆಗ ಕಂಡಿತು. ಸ್ಟೇರಿಂಗ್ ಪಕ್ಕದಲ್ಲಿ ಒಬ್ಬ ಹೆಂಗಸಿನ ಫೋಟೋ, ಮೇಲೊಂದು ಪುಟ್ಟ ಕೆಂಪು ದೀಪ. ಪ್ರತಿ ಟಕ್ಕಿಗೂ ದೀಪ ಮಿಣುಕುತ್ತಿತ್ತು. ವೈರಿನ ಜಾಡು ಹಿಡಿದು ಹೋದೆ: ಕ್ಲಚ್ಚಿಗೆ ಹೋಗುವ ವೈರನ್ನೇ ಕತ್ತರಿಸಿ, ದೀಪದ ವೈರು ಸೇರಿಸಿ ಹೊಸೆದು ಟೇಪು ಸುತ್ತಿದ್ದರು. ಆ ಗಂಟು ಸಡಿಲಾಗಿ ಸುಡುತ್ತಿತ್ತು. ಕರೆಂಟು ಸಾಲದೆ ಬಿಲ್ಲೆ ಅಂಟುತ್ತಿತ್ತು, ಬಿಡುತ್ತಿತ್ತು.

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದ ಅಮರೇಶ. "ನಮ್ಮವ್ವನ ದೀಪ ಅದ. ಅದು ಉರೀಲಿ ಅಂತ ಗಾಡಿ ಚಾಲೂ ಇರೋತನ ಎಸಿ ಆರಿಸಿಲ್ಲರಿ."

ನಾನು ಕಟರ್ ಹಿಂದಕ್ಕೆ ಎಳೆದುಕೊಂಡೆ. ಅವನೇ ಹಿಂದಿನ ಸೀಟಿನ ತಟ್ಟೆಗಳನ್ನು ನೋಡಿದ, ನನ್ನ ಕೈಯಿಂದ ಕಟರ್ ತೆಗೆದುಕೊಂಡು ದೀಪದ ವೈರು ಕತ್ತರಿಸಿದ. ನಾನು ಕ್ಲಚ್ಚಿನ ವೈರನ್ನು ಬಿಗಿಯಾಗಿ ಜೋಡಿಸಿದೆ. ಟಕ್ ಎಂದು ಒಂದೇ ಸಲ ಸದ್ದಾಗಿ, ತಂಪು ಗಾಳಿ ಬಂತು.

ದೇವದುರ್ಗದಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಜಾಲಹಳ್ಳಿಯಲ್ಲಿ ಮಲ್ಲಮ್ಮ ತಟ್ಟೆ ಬಿಚ್ಚಿ ಎಲೆ ಹರಡಿದಳು. ಒಂದಷ್ಟು ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಒಂದು ಮೂಲೆಯಿಂದ ಎಲೆಯ ಮೇಲೆ ಹುಳು ಹತ್ತತೊಡಗಿದವು. "ಅದಾವ, ಯಣ್ಣಾ, ಅದಾವ!" ಎಂದು ಅಳತೊಡಗಿದಳು.

ಮಲ್ಲಮ್ಮನನ್ನು ಅಲ್ಲೇ ಬಿಟ್ಟು ನಾನು, ಅಮರೇಶ ಮರಳಿ ಹೊರಟೆವು. ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಬ್ಯಾಟರಿಯಿಂದಲೇ ಫ್ಯೂಜ್ ಹಾಕಿ ದೀಪಕ್ಕೆ ಬೇರೆ ವೈರು ಎಳೆದೆ. ಕೆಂಪು ದೀಪ ಹೊತ್ತಿತು. ಎಸಿ ಹಾಕಿದೆ, ದೀಪ ಕದಲಲಿಲ್ಲ.

ಅಮರೇಶ ಫೋಟೋದ ಧೂಳು ಒರೆಸಿ, ಎಸಿ ಆರಿಸಿಬಿಟ್ಟ.

"ಬ್ಯಾಡ ಬಿಡ್ರಿ. ಅವ್ವಗ ಥಂಡಿ ಆಗಿಬರ್ತಿರ್ಲಿಲ್ಲ."

ಕಿಟಕಿ ಇಳಿಸಿಕೊಂಡು, ನಾನು, ಅಮರೇಶ, ಫೋಟೋದಲ್ಲಿ ಅವನವ್ವ, ಮೂವರೂ ಬಿಸಿಗಾಳಿಯಲ್ಲೇ ರಾಯಚೂರು ಸೇರಿದೆವು.